ಖಾಲಿ ಇದ್ದರೆ ನಿಲ್ಲುತ್ತದೆ

"ಸಹಿ ಹಾಕಮ್ಮ."

"ಹಾಕಲ್ಲ."

"ಓದಿಯಾದ್ರೂ ನೋಡು."

"ಓದಿದೆ ಸರ್. ಓದಿದ್ದಕ್ಕೇ ಹಾಕಲ್ಲ ಅಂತಿರೋದು."

ವ್ಯವಸ್ಥಾಪಕರು ಪೆನ್ನಿನ ಮುಚ್ಚಳ ತೆಗೆದು ಅದನ್ನು ಅವಳ ಕಡೆಗೆ ತಳ್ಳಿದರು. ಪೆನ್ನು ಮೇಜಿನ ಗಾಜಿನ ಮೇಲೆ ಉರುಳುತ್ತಾ ಬಂದು, ಎಲ್ಲರೂ ಅಳಿಲು ಎಂದೇ ಕರೆಯುವ ಆ ಹುಡುಗಿಯ ಮೊಣಕೈಗೆ ತಾಗಿ ನಿಂತಿತು. ಅವಳು ಮೊಣಕೈ ಸರಿಸಿದಳು. ಪೆನ್ನು ನೆಲಕ್ಕೆ ಬಿತ್ತು.

ಬಾಗಿಲ ಬಳಿ ನಿಂತಿದ್ದ ಮೇಸ್ತ್ರಿ ಬಂದು ಅದನ್ನು ಎತ್ತಿಕೊಂಡರು. ಅಂಗಿಯ ತುದಿಯಿಂದ ಒರೆಸಿ, ಕಾಗದದ ಅಂಚಿಗೆ ಸರಿಯಾಗಿ ಒರಗಿಸಿ ಇಟ್ಟು, ಮತ್ತೆ ಬಾಗಿಲ ಬಳಿಗೆ ಹೋದರು.

ಕಾಗದದಲ್ಲಿ ಇದ್ದದ್ದು ಒಂದೇ ವಾಕ್ಯ: 'ನಾನು ತಯಾರಿಸಿದ "ತುಂಬು" ಎಂಬ ಉಪಕರಣದ ದೋಷದಿಂದ ನಾಲ್ಕನೇ ತೊಟ್ಟಿಯ ಪರವಾನಗಿಯಲ್ಲಿ ತಪ್ಪು ಅಂಕಿ ಮುದ್ರಣವಾಯಿತು.' ಆ ಪರವಾನಗಿಯನ್ನು ನಂಬಿ ಎಣ್ಣೆ ತೊಟ್ಟಿಯೊಳಗೆ ಇಳಿದ ಬೆಸುಗೆಯವ ಉಸಿರು ಕಟ್ಟಿ ಬಿದ್ದು, ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಸಂಜೆ ಸುರಕ್ಷತಾ ಇನ್ಸ್‌ಪೆಕ್ಟರ್ ಬರ್ತಾರೆ," ವ್ಯವಸ್ಥಾಪಕರ ದನಿ ಮೃದುವಾಗಿಯೇ ಇತ್ತು. "ಅವರ ಕೈಗೆ ಒಂದು ಉತ್ತರ ಕೊಡಬೇಕು. ಯಂತ್ರ ಕೈಕೊಟ್ಟಿತು ಅಂದ್ರೆ ಯಾರಿಗೂ ಜೈಲಿಲ್ಲ. ನಿನಗೆ ಒಂದು ತಿಂಗಳು ರಜೆ, ಆಮೇಲೆ ಬೇರೆ ಕಡೆ ಕೆಲಸ. ಇದಕ್ಕಿಂತ ಒಳ್ಳೆಯದು ಏನು ಬೇಕು?"

"ಮುಂದಿನ ತೊಟ್ಟಿಗೆ ಇಳಿಯೋನಿಗೆ ಏನು ಬೇಕು ಅಂತ ಕೇಳಿ ಸರ್. ಯಂತ್ರದ ತಪ್ಪು ಅಂತ ಬರೆದುಕೊಟ್ರೆ ಯಂತ್ರ ಬದಲಾಯಿಸ್ತೀರಿ. ತಪ್ಪು ಮಾಡಿದೋರು ಇಲ್ಲೇ ಇರ್ತಾರೆ."

ಅಳಿಲು ಎನ್ನುವುದು ಸೋದರಮಾವ ಇಟ್ಟ ಹೆಸರು. ಚಿಕ್ಕ ಆಳು, ಚುರುಕು ಕಣ್ಣು, ಒಂದು ಕಡೆ ನಿಲ್ಲದ ಕೈ. ಕಾರ್ಖಾನೆಯ ಕಚೇರಿಯ ಕಂಪ್ಯೂಟರುಗಳ ಹೊಣೆ ಅವಳದು. ಈ ಕೆಲಸಕ್ಕೆ ಅವಳನ್ನು ಸೇರಿಸಿದ್ದೂ ಅದೇ ಸೋದರಮಾವ. ಅವರೇ ಬಾಗಿಲ ಬಳಿ ನಿಂತಿದ್ದ ಮೇಸ್ತ್ರಿ. ಬಂದಾಗಿನಿಂದ ಅವರು ಅವಳ ಮುಖ ನೋಡಿರಲಿಲ್ಲ.

ಕಿಟಕಿಯ ಪಕ್ಕದ ಕುರ್ಚಿಯಿಂದ ಒಂದು ಕೆಮ್ಮು ಬಂತು.

"ನನ್ನದೊಂದು ಪ್ರಶ್ನೆ," ಎಂದಳು ಜರಡಿ.

ಅವಳ ನಿಜವಾದ ಹೆಸರು ಕೇಳಿದವರು ಕಡಿಮೆ. ರಾಸಾಯನಿಕ ಪರೀಕ್ಷಾಲಯವೊಂದರಲ್ಲಿ ತಲೆಗೂದಲು ನರೆಯುವವರೆಗೂ ದುಡಿದು, ಅಲ್ಲಿಂದ ಹೊರಬಂದ ಮೇಲೆ ಪತ್ತೇದಾರಿಕೆಗೆ ಇಳಿದವಳು. ಏನನ್ನು ಸುರಿದರೂ ಸೋಸದೆ ಬಿಡುವುದಿಲ್ಲವಾದ್ದರಿಂದ ಜರಡಿ. ಅವಳನ್ನು ಈ ಕೆಲಸಕ್ಕೆ ಕರೆದಿದ್ದು ಬೆಸುಗೆಯವನ ಹೆಂಡತಿ. ಇದೇ ಕಾರ್ಖಾನೆಯ ರವಾನೆ ವಿಭಾಗದಲ್ಲಿ ಟೈಪಿಸ್ಟ್ ಆಗಿದ್ದ ಆಕೆ ಈಗ ಜರಡಿಯ ಪಕ್ಕದಲ್ಲೇ, ಮಡಿಲಲ್ಲಿ ಕೈಚೀಲ ಅವಚಿಕೊಂಡು ಕೂತಿದ್ದಳು.

"ಕೇಳಿ," ಎಂದರು ವ್ಯವಸ್ಥಾಪಕರು. ಕೇಳಬೇಡಿ ಎನ್ನುವ ಧಾಟಿಯಲ್ಲಿ.

"ಈ ತುಂಬು ಏನು ಮಾಡುತ್ತೆ? ನನಗೆ ಕಂಪ್ಯೂಟರ್ ಅಂದ್ರೆ ಅಷ್ಟಕ್ಕಷ್ಟೇ. ಅಡಿಯಿಂದ ಹೇಳಮ್ಮ."

ಅಳಿಲು ಉಸಿರು ಎಳೆದುಕೊಂಡಳು. "ಒಂದೇ ಕೆಲಸ ಮಾಡುತ್ತೆ. ಒಂದು ಅಚ್ಚು ಇರುತ್ತೆ. ಪರವಾನಗಿಯ ಬರಹ ಎಲ್ಲ ಅದರಲ್ಲಿ ಇರುತ್ತೆ. ತೊಟ್ಟಿ, ಹೆಸರು, ಆಮ್ಲಜನಕ ಅಂತ ನಡುನಡುವೆ ಹೆಸರಿಟ್ಟ ಖಾಲಿ ಜಾಗಗಳು. ನೀವು ಒಂದು ಸಾಲಿನ ಆಜ್ಞೆ ಬರೀತೀರಿ. ತೊಟ್ಟಿ ಅಂದ್ರೆ ಇದು, ಹೆಸರು ಅಂದ್ರೆ ಇದು ಅಂತ ಹೇಳ್ತೀರಿ. ಅದು ಆಯಾ ಜಾಗಕ್ಕೆ ಆಯಾ ಬೆಲೆ ತುಂಬಿ ಕೊಡುತ್ತೆ. ಕಿಟಕಿ ಇಲ್ಲ, ಗುಂಡಿ ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆ, ಒಂದು ಸಾಲು. ನನ್ನ ಅಳಿಲು ಸೇವೆ."

"ಇಷ್ಟೇನಾ?"

"ಇಷ್ಟೇ."

ವ್ಯವಸ್ಥಾಪಕರು ನಕ್ಕರು. "ಇಂಥ ಅಂಗೈಯಗಲದ ಪ್ರೋಗ್ರಾಮಿಗೆ ಇಷ್ಟು ಅಭಿಮಾನ! ಆಗಿದ್ದು ಇಷ್ಟು ಮೇಡಂ. ಅವತ್ತು ಗಾಳಿ ಅಳೆಯೋ ಮೀಟರ್ ರಿಪೇರಿಗೆ ಹೋಗಿತ್ತು. ಯಾರೂ ಅಳೆದಿಲ್ಲ. ಆದ್ರೂ ಚೀಟಿಯಲ್ಲಿ ಆಮ್ಲಜನಕ ಇಪ್ಪತ್ತು ಪಾಯಿಂಟ್ ಒಂಬತ್ತು ಅಂತ ಬಿದ್ದಿದೆ. ಎಲ್ಲಿಂದ ಬಂತು? ಇವಳ ಉಪಕರಣ ಯಾವುದೋ ಹಳೇ ಅಂಕಿ ಎಳಕೊಂಡು ಬಂದು ಹಾಕಿದೆ. ಕೇಳಿದ್ರೆ ತನ್ನದೇನೂ ಇಲ್ಲ ಅಂತಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಅದು ಹಳೇದು ಯಾವುದನ್ನೂ ನೆನಪಲ್ಲಿ ಇಟ್ಟುಕೊಳ್ಳಲ್ಲ," ಅಳಿಲಿನ ದನಿ ಏರಿತು. "ಬೆಲೆ ಕೊಟ್ರೆ ತುಂಬುತ್ತೆ. ಕೊಡದಿದ್ರೆ ನಿಲ್ಲುತ್ತೆ. ಖಾಲಿ ಬಿಟ್ಟು ಮುಂದೆ ಹೋಗೋದು, ಅಂದಾಜಿಗೆ ಏನೋ ಹಾಕೋದು, ಎರಡೂ ಇಲ್ಲ. ನಿಲ್ಲಿಸಬೇಡ, ಖಾಲಿ ಬಿಟ್ಟೇ ಮುದ್ರಿಸಲಿ, ಕೆಲಸ ತಡವಾಗುತ್ತೆ ಅಂತ ನೀವೇ ಹೇಳಿದ್ರಿ ಸರ್. ಆಗಲೂ ಮಾಡಲ್ಲ ಅಂದಿದ್ದೆ."

"ಬಾಯಲ್ಲಿ ಹೇಳಿದ್ರೆ ಆಯ್ತಾ?"

"ಬೇಡ. ನಿಮ್ಮ ಕಂಪ್ಯೂಟರ್ ಕೊಡಿ."

ವ್ಯವಸ್ಥಾಪಕರು ಜರಡಿಯ ಕಡೆ ನೋಡಿದರು. ಜರಡಿ ಆಗಲೇ ಕುರ್ಚಿ ಎಳೆದುಕೊಂಡು ಪರದೆ ಕಾಣುವಲ್ಲಿ ಕೂತಿದ್ದಳು. ಬೇರೆ ದಾರಿಯಿರಲಿಲ್ಲ. ಅವರು ಯಂತ್ರವನ್ನು ತಿರುಗಿಸಿ ಕೊಟ್ಟರು.

ಅಳಿಲು ಕಪ್ಪು ಪರದೆ ತೆರೆದಳು. ಬೆರಳುಗಳು ಒಮ್ಮೆ ಮೇಲಿಂದ ಕೆಳಗೆ ಓಡಿದವು.

ತುಂಬು ಪರವಾನಗಿ.ಅಚ್ಚು ತೊಟ್ಟಿ=೪ ಹೆಸರು=ಬೆಸುಗೆಯವ

ಒತ್ತಿದಳು. ಕೆಳಗೆ ಒಂದು ಸಾಲು ಬಂತು.

'ಆಮ್ಲಜನಕ' ಖಾಲಿ ಇದೆ. ನಿಲ್ಲಿಸಿದೆ. ಏನನ್ನೂ ಬರೆದಿಲ್ಲ.

"ಇನ್ನೊಂದು ಸಲ," ಎಂದಳು ಜರಡಿ.

ಮತ್ತೆ ಅದೇ ಸಾಲು, ಅದೇ ಉತ್ತರ. ಮೂರನೇ ಸಲ ಜರಡಿಯೇ ಒಂದು ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಅವಳಿಗೂ ಅದು ಜಗ್ಗಲಿಲ್ಲ.

"ನಿಮ್ಮ ಅಳಿಲು ಹಟಮಾರಿಯೋ, ಅಳಿಲಿನ ಉಪಕರಣ ಹಟಮಾರಿಯೋ ಗೊತ್ತಾಗ್ತಿಲ್ಲ," ಎಂದಳು ಜರಡಿ. "ಈಗ ಆಮ್ಲಜನಕವನ್ನೂ ಕೊಟ್ಟು ಒಂದು ಚೀಟಿ ತೆಗಿ. ಮುದ್ರಿಸು."

ಮೂಲೆಯ ಮುದ್ರಣಯಂತ್ರ ಗರಗರ ಎಂದಿತು. ಬಿಸಿ ಕಾಗದವನ್ನು ಜರಡಿ ಮೇಜಿನ ಮೇಲೆ ಇಟ್ಟಳು. ಪಕ್ಕದಲ್ಲಿ, ಪ್ಲಾಸ್ಟಿಕ್ ಹಾಳೆಯೊಳಗೆ, ನಾಲ್ಕನೇ ತೊಟ್ಟಿಯ ಬಾಗಿಲಿಂದ ಬಿಡಿಸಿ ತಂದಿದ್ದ ಆ ಪರವಾನಗಿ. ಆಮೇಲೆ ಜೋಳಿಗೆಯಿಂದ ಒಂದು ಉಕ್ಕಿನ ಅಳತೆಪಟ್ಟಿ ತೆಗೆದಳು.

"ನೋಡಿ. ಎರಡಕ್ಕೂ ಸುತ್ತ ಚೌಕಟ್ಟು ಇದೆ. ಇದು ಈಗ ಬಂದದ್ದು. ಎಡಗಡೆಯ ಗೆರೆ ನೇರ. ಬಲಗಡೆ?"

ಬಲಗಡೆಯ ಗೆರೆ ಇಲಿ ಕಡಿದ ರೊಟ್ಟಿಯ ಅಂಚಿನಂತಿತ್ತು. ಒಂದು ಸಾಲಿನಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ.

"ಇದು ಯಾಕೆ ಹೀಗೆ?"

"ಅದು ಹಾಗೇ," ಎಂದಳು ಅಳಿಲು. "ಖಾಲಿ ಜಾಗದ ಹೆಸರು ಇಷ್ಟುದ್ದ, ತುಂಬಿದ ಬೆಲೆ ಇನ್ನೆಷ್ಟೋ ಉದ್ದ. ಉದ್ದದ ಹೆಸರು ಬಂದ ಸಾಲಿನ ಗೆರೆ ಬಲಕ್ಕೆ ಸರಿಯುತ್ತೆ, ಚಿಕ್ಕ ಅಂಕಿ ಬಂದ ಸಾಲಿಂದು ಎಡಕ್ಕೆ. ನನ್ನ ಉಪಕರಣಕ್ಕೆ ಗೆರೆ ಅಂದ್ರೆ ಏನು ಅಂತಲೇ ತಿಳಿಯದು. ಅದಕ್ಕೆ ಎಲ್ಲಾ ಬರೀ ಅಕ್ಷರ. ಈ ಕಾರ್ಖಾನೆಯಲ್ಲಿ ತುಂಬುವಿನಿಂದ ಬಂದ ಚೀಟಿ ಒಂದೂ ನೇರ ಇಲ್ಲ. ಎಲ್ಲರೂ ಬೈದಿದ್ದಾರೆ."

"ನಾನೂ ಬೈದಿದ್ದೆ," ಎಂದರು ವ್ಯವಸ್ಥಾಪಕರು, ಅಜಾಗ್ರತೆಯಿಂದ.

"ಹೌದಾ? ಸಂತೋಷ." ಜರಡಿ ಅಳತೆಪಟ್ಟಿಯನ್ನು ಎತ್ತಿ ಪ್ಲಾಸ್ಟಿಕ್ ಹಾಳೆಯ ಮೇಲೆ, ಬಾಗಿಲಿಂದ ಬಂದ ಪರವಾನಗಿಯ ಬಲ ಅಂಚಿಗೆ ಇಟ್ಟಳು. "ಈಗ ಇದನ್ನು ನೋಡಿ."

ಗೆರೆ ಉಕ್ಕಿನ ಅಂಚಿಗೆ ಅಂಟಿಕೊಂಡಂತೆ, ಮೇಲಿಂದ ಕೆಳಗಿನವರೆಗೂ ನೇರವಾಗಿತ್ತು.

ವ್ಯವಸ್ಥಾಪಕರು ಮುಂದೆ ಬಾಗಿ ನೋಡಿದರು.

"ಇನ್ನೊಂದು," ಜರಡಿ ಮುಂದುವರಿಸಿದಳು. "ಹಳೆಯ ಪರವಾನಗಿಗಳನ್ನೆಲ್ಲ ನಿನ್ನೆ ನೋಡಿದೆ. ಮೀಟರಿನ ಅಂಕಿ ಇಪ್ಪತ್ತು ಪಾಯಿಂಟ್ ಆರು, ಪಾಯಿಂಟ್ ಎಂಟು, ಮತ್ತೆ ಆರು. ಮೀಟರು ಯಾವತ್ತೂ ಸ್ವಲ್ಪ ಅಲ್ಲಾಡುತ್ತೆ. ಪಾಯಿಂಟ್ ಒಂಬತ್ತು ಅನ್ನೋದು ಶುದ್ಧ ಗಾಳಿಗೆ ಪುಸ್ತಕದಲ್ಲಿ ಕೊಟ್ಟಿರೋ ಅಂಕಿ. ಅಳೆದವರು ಬರೆಯೋದಲ್ಲ, ಓದಿದವರು ಬರೆಯೋದು. ಆ ತೊಟ್ಟಿಯಲ್ಲಿ ಎಣ್ಣೆ ಕೆಡದಿರಲಿ ಅಂತ ಸಾರಜನಕ ತುಂಬಿದ್ರು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಇಳಿದವನಿಗೆ ಕೆಮ್ಮು ಕೂಡ ಬರಲ್ಲ. ಅವನ ಹತ್ತಿರ ಇದ್ದ ಕಣ್ಣು, ಮೂಗು ಎರಡೂ ಈ ಚೀಟಿಯೇ."

ಟೈಪಿಸ್ಟಳ ಕೈಚೀಲದ ಕೊಂಡಿ ಒಮ್ಮೆ ಟಕ್ ಎಂದಿತು.

ಅಳಿಲು ಎದ್ದು ನಿಂತಳು. ಬಂದಾಗಿನಿಂದ ಬಿಗಿಹಿಡಿದಿದ್ದ ಬೆನ್ನು ಈಗ ತಾನಾಗಿಯೇ ನೆಟ್ಟಗಾಗಿತ್ತು.

"ನೆಲ ಡೊಂಕಲ್ಲ ಸರ್," ಎಂದಳು. "ಗೆರೆ ನೇರ. ಅದೇ ತೊಂದರೆ. ಇದನ್ನ ಕೊನೆಗೆ ಮುಟ್ಟಿದ್ದು ನನ್ನ ಉಪಕರಣ ಅಲ್ಲ, ಯಾರದೋ ಕೈ. ಈಗ ಹೇಳಿ, ಯಾರದೋ ಕೈಗೆ ನಾನು ಯಾಕೆ ಸಹಿ ಹಾಕಲಿ?"

ವ್ಯವಸ್ಥಾಪಕರು ಪರವಾನಗಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಅವರ ಮುಖದಲ್ಲಿ ಸೋಲಿನ ಬದಲು ಬೇರೇನೋ ಮೂಡತೊಡಗಿತು. ಬೀಗಕ್ಕೆ ಕೀಲಿ ಸಿಕ್ಕವನ ನಗು.

"ಸರಿ. ಕೈ ಅಂತಲೇ ಇಟ್ಕೊಳ್ಳೋಣ. ಈ ಕಾರ್ಖಾನೆಯಲ್ಲಿ ಡೊಂಕು ಗೆರೆ ಕಂಡ್ರೆ ತಡೆಯೋಕೆ ಆಗದೇ ಇರೋ ಕೈ ಯಾರದು, ಅಳಿಲೂ?"

ಅವಳು ತಿರುಗಿ ನೋಡಬಾರದಿತ್ತು. ನೋಡಿದಳು.

ಬಾಗಿಲ ಪಕ್ಕದ ಕಪಾಟಿನ ಮೇಲೆ ಯಾರೋ ಇಟ್ಟಿದ್ದ ಕಾಗದದ ಕಟ್ಟನ್ನು ಮೇಸ್ತ್ರಿಯ ಎರಡು ಕೈಗಳು ಅಂಚಿಗೆ ಅಂಚು ಕೂಡಿಸಿ ತಟ್ಟುತ್ತಿದ್ದವು. ಬಹುಶಃ ಅವರಿಗೇ ಅದು ಗೊತ್ತಿರಲಿಲ್ಲ. ತೊಟ್ಟಿಗಳ ಅಂಗಳದಲ್ಲಿ ಅವರ ಸ್ಪ್ಯಾನರುಗಳು ಗೋಡೆಯ ಮೇಲೆ ಅಳತೆಗೆ ತಕ್ಕಂತೆ ಸಾಲಾಗಿ ತೂಗುತ್ತಿದ್ದವು. ಚಿಕ್ಕವಳಿದ್ದಾಗ ಅವಳ ಜಡೆಯ ಬೈತಲೆ ಓರೆಯಾಗಿದ್ದರೆ, ಶಾಲೆಗೆ ತಡವಾದರೂ ಸರಿ, ಬಿಚ್ಚಿಸಿ ಮತ್ತೆ ಹೆಣೆಯುತ್ತಿದ್ದದ್ದು ಇದೇ ಕೈ.

ಕೈಗಳು ನಿಂತವು.

"ಮಾವ?"

"ಹೌದು ಕಣೇ," ಎಂದರು ಮೇಸ್ತ್ರಿ. "ನೇರ ಮಾಡಿದ್ದು ನಾನೇ."

"ಯಾಕೆ?"

"ಯಾಕೆ ಅಂದ್ರೆ ಏನು ಹೇಳಲಿ? ಡೊಂಕಿತ್ತು. ನೋಡೋಕೆ ಆಗಲಿಲ್ಲ. ತೊಟ್ಟಿಯ ಬಾಗಿಲ ಮೇಲೆ ಅಂಟಿಸೋ ಚೀಟಿ, ಹತ್ತು ಜನ ನೋಡ್ತಾರೆ. ಕಂಪ್ಯೂಟರಲ್ಲೇ ತೆರೆದು ನಾಕು ಕಡೆ ಖಾಲಿ ಜಾಗದ ಗುಂಡಿ ಒತ್ತಿದೆ, ನೇರ ಆಯ್ತು. ಮುದ್ರಿಸಿದೆ. ಸಹಿ ಹಾಕಿದೆ. ನಾನೇ ಅಂಟಿಸಿದೆ."

"ಅಳೆಯದೆ?"

"ಅಂಕಿ ಇತ್ತು. ಮೀಟರ್ ಹೋಗೋಕೆ ಮುಂಚೆ ಹಿಂದಿನ ಪಾಳಿಯವರು ಅಳೆದಿರಬೇಕು ಅಂದ್ಕೊಂಡೆ. ನಿನ್ನ ತುಂಬು ಖಾಲಿ ಇದ್ರೆ ನಿಲ್ಲುತ್ತೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದವನು ನಾನು. ಅಂಕಿ ಇದೆ ಅಂದ್ಮೇಲೆ ಯಾರೋ ಅಳೆದಿದ್ದಾರೆ ಅಂತ ನಂಬಿದೆ."

ವ್ಯವಸ್ಥಾಪಕರು ಕಾಗದವನ್ನು ಮತ್ತೆ ಅವಳ ಮುಂದೆ ಇಟ್ಟರು. ಈ ಸಲ ಪೆನ್ನನ್ನು ಉರುಳಿಸಲಿಲ್ಲ. ಅವಳ ಬೆರಳುಗಳ ಪಕ್ಕದಲ್ಲೇ ಇಟ್ಟರು.

"ಯೋಚನೆ ಮಾಡು. ನೀನು ಸಹಿ ಹಾಕಿದ್ರೆ ತಪ್ಪು ಯಂತ್ರದ್ದು. ಹಾಕದಿದ್ರೆ ಅಳೆಯದೆ ಸಹಿ ಮಾಡಿದ ಮೇಸ್ತ್ರಿಯದು. ನಿನ್ನನ್ನು ಸಾಕಿದವರು ತಾನೆ? ಸಂಜೆಗೆ ಮೊದಲು ಹೇಳಿದ್ರೆ ಸಾಕು."

ಅಳಿಲು ಪೆನ್ನನ್ನೇ ನೋಡುತ್ತಿದ್ದಳು. ಅದರ ಮೇಲೆ ಕಾರ್ಖಾನೆಯ ಹೆಸರು ಚಿನ್ನದ ಬಣ್ಣದಲ್ಲಿತ್ತು.

"ಹಾಕಬೇಡ ಕಣೇ," ಎಂದರು ಮೇಸ್ತ್ರಿ ಬಾಗಿಲಿಂದ. ಗಟ್ಟಿಯಾಗಿಯೇ ಹೇಳಿದರು. "ನನ್ನ ಸಹಿ ನಾನು ಹಾಕಿದ್ದೀನಿ, ಅದರ ಭಾರ ನಾನು ಹೊರ್ತೀನಿ. ನಿನ್ನ ಸಹಿ ನನಗೆ ಊರುಗೋಲು ಆಗೋದು ಬೇಡ."

ಅವಳು ಪೆನ್ನಿನ ಮುಚ್ಚಳ ಹುಡುಕಿ, ಹಾಕಿ, ವ್ಯವಸ್ಥಾಪಕರ ಜೇಬಿಗೇ ಸಿಕ್ಕಿಸಿದಳು.

"ಉತ್ತರ ಸಿಕ್ತಲ್ಲ ಸರ್?"

ಜರಡಿ ನಗಲಿಲ್ಲ. ಅವಳ ಹುಬ್ಬು ಗಂಟಿಕ್ಕಿತ್ತು. "ಮೇಸ್ತ್ರಿಗಳೇ, ನಿಮ್ಮ ಕೈಗೆ ಬಂದಾಗ ಗೆರೆ ಡೊಂಕಿತ್ತು ಅಂದ್ರಲ್ಲ. ಅಂಕಿ?"

"ಅಂಕಿ ಇತ್ತು. ನಾನು ಅಂಕಿ ಮುಟ್ಟಿಲ್ಲ. ಗೆರೆ ಮಾತ್ರ."

"ಡೊಂಕು ಗೆರೆ. ಅದರೊಳಗೆ ಆಗಲೇ ಪಾಯಿಂಟ್ ಒಂಬತ್ತು."

"ಹೌದು."

ಅಳಿಲಿಗೆ ಅದು ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಜರಡಿ ಅವಳ ಕಡೆ ನೋಡಿ, ಕಾಣುವಷ್ಟೇ ತಲೆಯಾಡಿಸಿದಳು: ಹೇಳಬೇಡ, ಈಗಲ್ಲ.

ವ್ಯವಸ್ಥಾಪಕರಿಗೆ ಹೊಳೆದಿರಲಿಲ್ಲ. ಮಾವನಿಗೂ ಹೊಳೆದಿರಲಿಲ್ಲ. ಸುಮ್ಮನಿದ್ದರೆ ಸಂಜೆಯವರೆಗೂ ಯಾರಿಗೂ ಹೊಳೆಯುತ್ತಿರಲಿಲ್ಲ.

"ಹಾಗಾದ್ರೆ ನಾನು ಹೇಳಿದ್ದು ತಪ್ಪು," ಎಂದಳು ಅಳಿಲು.

"ಅಮ್ಮಾ..." ಎಂದಳು ಜರಡಿ.

"ಇಲ್ಲ ಮೇಡಂ. ಡೊಂಕಿತ್ತು ಅಂದ್ರೆ ಅದು ತುಂಬುವಿನಿಂದಲೇ ಬಂದದ್ದು. ಅಂಕಿ ಸಮೇತ. ಮಾವ ಬರೀ ಅದರ ತಲೆ ಬಾಚಿದ್ದಾರೆ." ಅವಳು ವ್ಯವಸ್ಥಾಪಕರ ಕಡೆ ತಿರುಗಿದಳು. "ನಿಮಗೆ ಅನುಕೂಲ ಆಗೋ ಮಾತು ಅಂತ ಗೊತ್ತು. ಆದ್ರೂ ನಿಜ. ಈಗಲೂ ನಾನು ಸಹಿ ಹಾಕಲ್ಲ, ಯಾಕಂದ್ರೆ ತುಂಬು ತಾನಾಗಿ ಅಂಕಿ ಹುಟ್ಟಿಸಲ್ಲ. ಅದಕ್ಕೆ ಯಾರೋ ಕೊಟ್ಟಿದ್ದಾರೆ."

"ಯಾರು? ಅದನ್ನ ನಡೆಸೋಕೆ ಬರೋದು ನಿನಗೆ ಒಬ್ಬಳಿಗೇ!"

"ಅಲ್ಲ," ಎಂದಿತು ಇನ್ನೊಂದು ದನಿ. "ನನಗೂ ಬರುತ್ತೆ."

ಬೆಸುಗೆಯವನ ಹೆಂಡತಿ ಎದ್ದು ನಿಂತಿದ್ದಳು. ಕೈಚೀಲ ಮಡಿಲಿಂದ ಜಾರಿ ಕಾಲ ಬಳಿ ಬಿದ್ದಿತ್ತು.

"ರವಾನೆಯ ಡಬ್ಬಿಗಳಿಗೆ ಚೀಟಿ ಮಾಡೋಕೆ ಅಂತ ಇವಳೇ ನನಗೆ ಕಲಿಸಿಕೊಟ್ಟಿದ್ದು. ಅವತ್ತು ಬೆಳಿಗ್ಗೆ ನಮ್ಮೆಜಮಾನ್ರು ಬಂದು, ಪರವಾನಗಿ ಬೇಗ ಮಾಡಿಕೊಡು, ಏಣಿ ಬೆಸೆದು ಮಧ್ಯಾಹ್ನಕ್ಕೆ ಮನೆಗೆ ಹೋಗೋಣ ಅಂದ್ರು. ಮಾಡಿ ಮೇಸ್ತ್ರಿಗಳ ಕಂಪ್ಯೂಟರಿಗೆ ಕಳಿಸಿದೆ."

ಜರಡಿ ನಿಧಾನವಾಗಿ ತಿರುಗಿದಳು. "ನನ್ನ ಹತ್ತಿರ ನೀವು ಇದನ್ನ ಹೇಳಲೇ ಇಲ್ಲ."

"ನನ್ನ ಚೀಟಿ ಡೊಂಕಿತ್ತು ಮೇಡಂ!" ಆಕೆಯ ದನಿ ಒಡೆಯಿತು. "ಬಾಗಿಲ ಮೇಲಿದ್ದದ್ದು ನೇರ ಇತ್ತು. ನನ್ನದನ್ನ ಎಸೆದು ಯಾರೋ ಬೇರೆ ಅಂಟಿಸಿದ್ದಾರೆ, ನನ್ನ ಗಂಡನ್ನ ಕೊಲ್ಲೋಕೆ ಹೊರಟಿದ್ದಾರೆ ಅಂತಲೇ ನಾನು ನಿಮ್ಮನ್ನ ಕರೆದದ್ದು. ಅದು ನಾನು ತುಂಬಿದ್ದೇ ಅಂತ... ಈಗ... ಈ ಕೋಣೆಯಲ್ಲಿ..."

ಮೇಸ್ತ್ರಿ ಗೋಡೆ ಹಿಡಿದುಕೊಂಡರು. ತನ್ನ ಕೈ ಒತ್ತಿದ ನಾಲ್ಕು ಖಾಲಿ ಜಾಗಗಳು ಏನನ್ನು ಮುಚ್ಚಿದ್ದವು ಎನ್ನುವುದು ಆಗ ಅವರಿಗೆ ಕಂಡಿತು.

ಅಳಿಲು ಆಕೆಯ ಹತ್ತಿರ ಹೋಗಿ ಎರಡೂ ಕೈ ಹಿಡಿದಳು. "ಅಕ್ಕಾ, ನೆನಪು ಮಾಡ್ಕೊಳ್ಳಿ. ಆಮ್ಲಜನಕ ಎಷ್ಟು ಅಂತ ಕೊಟ್ರಿ? ಯಾರು ಹೇಳಿದ್ರು ನಿಮಗೆ?"

"ಕೊಡಲಿಲ್ಲ."

"ಏನು?"

"ತೊಟ್ಟಿ ನಂಬರು ಕೊಟ್ಟೆ. ಅವರ ಹೆಸರು ಕೊಟ್ಟೆ. ಆಮ್ಲಜನಕ ಕೊಡಲೇ ಇಲ್ಲ. ನಿಲ್ಲುತ್ತೆ, ನಿಂತಾಗ ಮೇಸ್ತ್ರಿಗಳ್ನ ಕೇಳಿದ್ರಾಯ್ತು ಅಂದ್ಕೊಂಡೆ. ನೀನೇ ಹೇಳಿದ್ದೆಯಲ್ಲ, ಅದು ನಿಂತ್ರೆ ಕೇಳಿ, ನಿಲ್ಲದಿದ್ರೆ ನಂಬಿ ಅಂತ." ಆಕೆ ಅಳಿಲಿನ ಮುಖವನ್ನೇ ನೋಡುತ್ತಿದ್ದಳು. "ಅದು ನಿಲ್ಲಲಿಲ್ಲ ಕಣೇ."

ಮೇಜಿನ ಮೇಲೆ ವ್ಯವಸ್ಥಾಪಕರ ಕಂಪ್ಯೂಟರ್ ಇನ್ನೂ ತೆರೆದೇ ಇತ್ತು. ಕಪ್ಪು ಪರದೆಯಲ್ಲಿ ಅದೇ ಸಾಲುಗಳು: ನಿಲ್ಲಿಸಿದೆ. ನಿಲ್ಲಿಸಿದೆ. ನಿಲ್ಲಿಸಿದೆ.

ಇಲ್ಲಿ ನಿಂತದ್ದು ಅಲ್ಲಿ ಯಾಕೆ ನಿಲ್ಲಲಿಲ್ಲ?

"ಬೆಲೆಗಾಗಿ ಅದು ಎಲ್ಲೆಲ್ಲಿ ಹುಡುಕುತ್ತೆ?" ಜರಡಿ ಕೇಳಿದಳು. ಪರೀಕ್ಷಾಲಯದ ಹಳೆಯ ದನಿ, ಒಂದೊಂದೇ ಹನಿ ಎಣಿಸುವ ದನಿ. "ಕೈಯಲ್ಲಿ ಕೊಟ್ಟದ್ದು ಒಂದು. ಬೇರೆ?"

"ಮೊದಲು ಕೈ. ಆಜ್ಞೆಯ ಜೊತೆ ಬರೆದದ್ದು. ಅಲ್ಲಿ ಇಲ್ಲದಿದ್ರೆ..." ಅಳಿಲು ತಡೆದಳು. "ಅಲ್ಲಿ ಇಲ್ಲದಿದ್ರೆ ಗೋಡೆ."

"ಗೋಡೆ?"

"ಪ್ರತಿ ಕಂಪ್ಯೂಟರಿಗೂ ತನ್ನದೇ ಒಂದು ಗೋಡೆ ಇದೆ ಅಂದ್ಕೊಳ್ಳಿ. ಯಾವಾಗಲೂ ಬೇಕಾಗೋ ಬೆಲೆಗಳನ್ನ ಅಲ್ಲಿ ತೂಗುಹಾಕಿ ಇಡಬಹುದು. ಕಾರ್ಖಾನೆಯ ವಿಳಾಸ, ಫೋನ್ ನಂಬರ್. ಪ್ರತಿ ಸಲ ಟೈಪ್ ಮಾಡೋ ಕಷ್ಟ ಬೇಡ ಅಂತ ಆ ಗೋಡೆಯನ್ನೂ ನೋಡು ಅಂತ ನಾನೇ ತುಂಬುವಿಗೆ ಕಲಿಸಿದ್ದೆ. ರವಾನೆಯ ಕಂಪ್ಯೂಟರಿನ ಗೋಡೆಯ ಮೇಲೆ ಯಾರೋ ಆಮ್ಲಜನಕದ ಬೆಲೆ ತೂಗುಹಾಕಿದ್ದಾರೆ. ಅಲ್ಲಿ ಯಾರು ಯಾವ ತೊಟ್ಟಿಗೆ ಪರವಾನಗಿ ಮಾಡಿದ್ರೂ ಅದು ನಿಲ್ಲಲ್ಲ. ಎಲ್ಲ ತೊಟ್ಟಿಯಲ್ಲೂ ಗಾಳಿ ಚೆನ್ನಾಗಿದೆ ಅಂತಲೇ ಬರೆಯುತ್ತೆ."

"ಅಂದ್ರೆ ನಿನ್ನದೇ ತಪ್ಪು!" ವ್ಯವಸ್ಥಾಪಕರು ಮೇಜು ಬಡಿದರು. "ಆ ಬಾಗಿಲು ತೆರೆದಿಟ್ಟವಳು ನೀನೇ!"

"ಮೊಳೆ ಹೊಡೆದದ್ದು ನಾನು," ಅಳಿಲು ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. "ಇನ್ಸ್‌ಪೆಕ್ಟರ್ ಮುಂದೆ ಅದನ್ನ ನಾನೇ ಹೇಳ್ತೀನಿ, ನಿಮ್ಮ ಕಾಗದ ಬೇಡ. ಆದ್ರೆ ಆ ಮೊಳೆಗೆ ವಿಷದ ಚೀಲ ತೂಗುಹಾಕಿದ್ದು ನಾನಲ್ಲ. ಯಾವ ಹೆಸರಲ್ಲಿ ಒಳಗೆ ಬಂದು ಅದನ್ನ ಹಾಕಿದ್ರು ಅಂತ ಆ ಕಂಪ್ಯೂಟರ್ ಗುರುತು ಇಟ್ಟಿರುತ್ತೆ. ಅಕ್ಕಾ, ಬನ್ನಿ. ನಿಮ್ಮ ಕಂಪ್ಯೂಟರ್ ನೋಡೋಣ."

"ಅದು ಇಲ್ಲ," ಎಂದಳು ಟೈಪಿಸ್ಟ್. "ಇವತ್ತು ಬೆಳಿಗ್ಗೆ ಹೊಸದು ತಂದಿಟ್ಟಿದ್ದಾರೆ. ಹಳೇದನ್ನ ಗುಜರಿಗೆ ಅಂತ ಕೆಳಗೆ ಇಳಿಸಿದ್ರು."

ಕೆಳಗಿನ ಅಂಗಳದಲ್ಲಿ ಒಂದು ಲಾರಿಯ ಎಂಜಿನ್ ಕೆಮ್ಮಿ, ಹೊತ್ತಿಕೊಂಡಿತು.

ಜರಡಿ ಕಿಟಕಿಯ ಹತ್ತಿರ ಹೋಗುವಷ್ಟರಲ್ಲಿ ಅಳಿಲು ಕೋಣೆಯಲ್ಲಿ ಇರಲಿಲ್ಲ.

ಮೆಟ್ಟಿಲುಗಳನ್ನು ಅವಳು ಎರಡೆರಡಾಗಿ ಹಾರಿದಳು. ಹಿಂದೆ ಮಾವನ ಬೂಟಿನ ಸದ್ದು, ಅದರ ಹಿಂದೆ ಜರಡಿಯ ಏದುಸಿರು. ಅಂಗಳದ ಬಿಸಿಲು ಕಣ್ಣಿಗೆ ಚುಚ್ಚಿತು. ಲಾರಿ ಆಗಲೇ ಗೇಟಿನ ಕಡೆಗೆ ತಿರುಗಿತ್ತು. ಹಿಂದೆ ಮುರಿದ ಕುರ್ಚಿಗಳು, ತುಕ್ಕು ಹಿಡಿದ ಕೊಳವೆಗಳು, ಅವುಗಳ ನಡುವೆ ಬೂದು ಬಣ್ಣದ ಒಂದು ಪೆಟ್ಟಿಗೆ. ಅದರ ಮೇಲೆ ಟೈಪಿಸ್ಟ್ ಅಂಟಿಸಿದ್ದ ಹಳದಿ ಹೂವಿನ ಚಿತ್ರ ಇನ್ನೂ ಇತ್ತು.

ಅಳಿಲು ಗೇಟಿಗೂ ಲಾರಿಗೂ ನಡುವೆ ಹೋಗಿ ನಿಂತು, ಎರಡೂ ಕೈ ಚಾಚಿದಳು.

ಬ್ರೇಕು ಕಿರುಚಿತು. ಚಾಲಕ ಕಿಟಕಿಯಿಂದ ಅರ್ಧ ಹೊರಬಂದ. "ಏನ್ ತಾಯೀ, ಸಾಯೋಕೆ ನನ್ನ ಲಾರಿಯೇ ಬೇಕಿತ್ತಾ?"

"ಹತ್ತಿಸೋದಾದ್ರೆ ಹತ್ತಿಸು. ಇಲ್ಲಾಂದ್ರೆ ಎಂಜಿನ್ ನಿಲ್ಲಿಸು. ಆ ಪೆಟ್ಟಿಗೆ ಹೊರಗೆ ಹೋಗಲ್ಲ."

"ಕದ್ದ ಮಾಲು ಅಂದ್ಕೊಂಡ್ರಾ? ಗೇಟ್ ಪಾಸ್ ಇದೆ. ಸಹಿ ಇದೆ. ನೋಡ್ಕೊಳ್ಳಿ." ಅವನು ಒಂದು ಚೀಟಿ ಚಾಚಿದ. ಎಂಜಿನ್ ನಿಲ್ಲಿಸಿದ.

ಅಳಿಲು ಅದನ್ನು ಕಿತ್ತುಕೊಂಡು ಓದಿದಳು. ಹಳೆಯ ಕಂಪ್ಯೂಟರ್ ಒಂದು, ಗುಜರಿಗೆ. ಕೆಳಗೆ ದೊಡ್ಡ ಅಕ್ಷರದ ಸಹಿ. ಆ ಸಹಿ ಅವಳ ಶಾಲೆಯ ಅಂಕಪಟ್ಟಿಗಳ ಮೇಲೆಲ್ಲ ಇತ್ತು.

ಮಾವ ಅವಳ ಹೆಗಲ ಮೇಲಿಂದ ನೋಡಿದರು. "ನನ್ನ ಸಹಿ ಥರಾನೇ ಇದೆ," ಎಂದರು. ಉಸಿರು ಸಿಗುತ್ತಿರಲಿಲ್ಲ. "ಆದ್ರೆ ನಾನು ಹಾಕಿಲ್ಲ. ನೀನು ನಂಬದಿದ್ರೂ ಸರಿ..."

"ನಂಬ್ತೀನಿ," ಎಂದಳು ಅಳಿಲು.

ಅವಳು ಚೀಟಿಯನ್ನು ಜರಡಿಯ ಕಡೆ ತಿರುಗಿಸಿದಳು. ಬಲಗಡೆಯ ಗೆರೆ ಇಲಿ ಕಡಿದಂತಿತ್ತು. ಒಳಗೆ, ಹೊರಗೆ, ಮತ್ತೆ ಒಳಗೆ.

"ಇಂಥ ಗೆರೆ ನೋಡಿ ನಮ್ಮ ಮಾವ ಸಹಿ ಹಾಕೋರಲ್ಲ ಮೇಡಂ. ಮೊದಲು ನೇರ ಮಾಡ್ತಾರೆ. ಅವರ ಸಹಿ ಕಲಿತವರಿಗೆ ಅವರ ಚಟ ಗೊತ್ತಿಲ್ಲ."

ಜರಡಿ ಚೀಟಿಯ ಮೇಲೆ ಹೆಬ್ಬೆರಳು ಎಳೆದಳು. ಆಮೇಲೆ ಆ ಹೆಬ್ಬೆರಳನ್ನು ಬಿಸಿಲಿಗೆ ಹಿಡಿದಳು. ಅದರ ತುದಿ ನೀಲಿಯಾಗಿತ್ತು.

ಶಾಯಿ ಇನ್ನೂ ಒಣಗಿರಲಿಲ್ಲ.

ಮೂವರೂ ಒಟ್ಟಿಗೆ ಮೇಲೆ ನೋಡಿದರು. ಮೇಲಿನ ಕಿಟಕಿಯಲ್ಲಿ ವ್ಯವಸ್ಥಾಪಕರು ನಿಂತಿದ್ದರು, ಪಕ್ಕದಲ್ಲಿ ಟೈಪಿಸ್ಟ್. ಅವರಿಬ್ಬರಲ್ಲಿ ಯಾರೂ ಈ ಸಹಿ ಹಾಕಿರಲು ಸಾಧ್ಯವಿರಲಿಲ್ಲ. ಮಾವನೂ ಹಾಕಿರಲು ಸಾಧ್ಯವಿರಲಿಲ್ಲ. ಶಾಯಿ ಹಸಿಯಾಗಿದ್ದಷ್ಟು ಹೊತ್ತೂ ಅವರೆಲ್ಲ ಅದೇ ಕೋಣೆಯಲ್ಲಿ, ಒಬ್ಬರ ಮುಖ ಒಬ್ಬರು ನೋಡುತ್ತಾ ಇದ್ದರು.

"ಇದನ್ನ ನಿನಗೆ ಯಾರಪ್ಪಾ ಕೊಟ್ಟಿದ್ದು?" ಎಂದಳು ಜರಡಿ.

"ಹೆಸರು ಗೊತ್ತಿಲ್ಲಮ್ಮ. ಈಗ ತಾನೇ ಕೊಟ್ರು. ತೂಕದ ಚೀಟಿ ತರ್ತೀನಿ, ಹೊರಟಿರು, ಗೇಟಿನ ಹತ್ತಿರ ಕೊಡ್ತೀನಿ ಅಂತ ತೂಕದ ಕೋಣೆಗೆ ಹೋದ್ರು."

ಅಳಿಲು ಲಾರಿಯ ಚಕ್ರದ ಮೇಲೆ ಕಾಲಿಟ್ಟು ಹಿಂದಕ್ಕೆ ಹತ್ತಿದಳು. ಮುರಿದ ಕುರ್ಚಿಗಳನ್ನು ಒದ್ದು ದಾರಿ ಮಾಡಿಕೊಂಡು, ಆ ಬೂದು ಪೆಟ್ಟಿಗೆಯ ಮೇಲೆ ಕೂತು, ಎರಡೂ ಕೈ ಕಟ್ಟಿದಳು.

"ಬರಲಿ," ಎಂದಳು. "ನನ್ನನ್ನ ಇಳಿಸಿ ಇದನ್ನ ತಗೊಂಡು ಹೋಗಲಿ, ನೋಡ್ತೀನಿ."

ಅಂಗಳದ ಆಚೆ ತೂಕದ ಕೋಣೆಯ ಬಾಗಿಲು ಒಳಗಿನಿಂದ ತೆರೆದುಕೊಂಡಿತು.